ಕೆಲಸ ಬಿಟ್ಟವರ ಕತೆಗಳಲ್ಲಿ ಬಿಟ್ಟುಹೋದದ್ದು

ಹೋದ ತಿಂಗಳು ಒಂದು ಭಾನುವಾರ ಬೆಳಗ್ಗೆ ಅವ್ವ ವಾಟ್ಸಾಪಿನಲ್ಲಿ ಒಂದು ಪೇಪರ್ ಕಟಿಂಗ್ ಕಳಿಸಿದಳು. ಫೋಟೊ ಓರೆಯಾಗಿತ್ತು, ಮೂಲೆಯಲ್ಲಿ ಅವಳ ಹೆಬ್ಬೆರಳೂ ಇತ್ತು. ತಲೆಬರಹ ನೀವೆಲ್ಲ ಎಲ್ಲೋ ಒಂದು ಕಡೆ ಓದಿರೋದೇ: ಲಕ್ಷ ಸಂಬಳ ಬಿಟ್ಟು ಮಣ್ಣಿಗೆ ಮರಳಿದ ಟೆಕ್ಕಿ. ಅದರ ಕೆಳಗೆ ಒಂದು ವಾಯ್ಸ್ ಮೆಸೇಜು. "ನೋಡು, ಇವ್ನೂ ನಿನ್ ತರಾನೇ ಇಂಜಿನಿಯರಂತೆ." ಅಷ್ಟೇ. ವಾಪಸ್ ಬಾ ಅಂತ ಹೇಳಿದಳೋ, ನೀನೂ ಹಿಂಗೆ ಮಾಡ್ಬೇಡ ಅಂತ ಎಚ್ಚರಿಸಿದಳೋ ಇವತ್ತಿಗೂ ನನಗೆ ಗೊತ್ತಾಗಿಲ್ಲ.

ಅವಳಿಗೆ ಗೊತ್ತಿಲ್ಲದ ಸಂಗತಿ ಏನು ಅಂದ್ರೆ, ಆ ಹೊತ್ತಿಗೆ ನನ್ನ ಮೇಲ್‌ಬಾಕ್ಸಿನ ಡ್ರಾಫ್ಟ್‌ನಲ್ಲಿ ಒಂದು ರಾಜೀನಾಮೆ ಏಳು ತಿಂಗಳಿಂದ ಕೂತಿತ್ತು. ಹಾಗಾಗಿ ಇಂಥ ಕಟಿಂಗುಗಳನ್ನ ನಾನು ಸುಮ್ಮನೆ ಓದ್ತಾ ಇರಲಿಲ್ಲ. ಪರೀಕ್ಷೆಗೆ ಮುಂಚೆ ಹಳೇ ಪ್ರಶ್ನೆಪತ್ರಿಕೆ ಓದ್ತೀವಲ್ಲ, ಹಾಗೆ ಓದ್ತಾ ಇದ್ದೆ. ಫೋನಿನಲ್ಲಿ ಒಂದು ಫೋಲ್ಡರೇ ಇದೆ, ಮೂವತ್ತು ಚಿಲ್ಲರೆ ಕಟಿಂಗು. ಇಷ್ಟು ಓದಿದ ಮೇಲೆ ಇವು ಬಿಡಿ ಬಿಡಿ ಸುದ್ದಿಗಳಲ್ಲ, ಇದೊಂದು ಸಾಹಿತ್ಯ ಪ್ರಕಾರ ಅನ್ನಿಸಿಬಿಟ್ಟಿದೆ. ಪುರಾಣದ ಹಾಗೆ ಇದಕ್ಕೂ ಕಟ್ಟುಪಾಡು ಇದೆ, ಕಾಯಂ ವಿಶೇಷಣಗಳಿವೆ, ಫಲಶ್ರುತಿಯೂ ಇದೆ. ಒಂದು ಪ್ರಕಾರ ಅಂದಮೇಲೆ ಅದಕ್ಕೊಂದು ವಿಮರ್ಶೆ ಬೇಡವೇ?

ಮೊದಲು ಲೆಕ್ಕ. ಈ ಕತೆಗಳಲ್ಲಿ ಸಂಬಳವನ್ನ ಯಾವಾಗಲೂ ತಿಂಗಳಲ್ಲಿ ಹೇಳ್ತಾರೆ, ತೋಟದ ದುಡ್ಡನ್ನ ವರ್ಷದಲ್ಲಿ. "ತಿಂಗಳಿಗೆ ಒಂದೂವರೆ ಲಕ್ಷ ಸಂಬಳದ ಕೆಲಸ ತೊರೆದು, ಇಂದು ವರ್ಷಕ್ಕೆ 15 ಲಕ್ಷ ವಹಿವಾಟು" ಅನ್ನೋ ಥರದ ಸಾಲು. ಓದುವಾಗ ಒಂದೂವರೆಯಿಂದ ಹದಿನೈದಕ್ಕೆ ಜಿಗಿದ ಹಾಗೆ ಕಿವಿಗೆ ಕೇಳ್ಸುತ್ತೆ. ನಿಧಾನಕ್ಕೆ ಗುಣಿಸಿದ್ರೆ ಮನುಷ್ಯ ಹದಿನೆಂಟರಿಂದ ಹದಿನೈದಕ್ಕೆ ಇಳಿದಿದ್ದಾನೆ. ಅದೂ ವಹಿವಾಟು, ಲಾಭ ಅಲ್ಲ. ಗೊಬ್ಬರ, ಕೂಲಿ, ಡ್ರಿಪ್ ಪೈಪು, ಸುಟ್ಟುಹೋದ ಮೋಟಾರು ಎಲ್ಲ ಆ ಹದಿನೈದರಲ್ಲೇ ಕಳೀಬೇಕು. ವರದಿಗಾರರಿಗೆ ಗುಣಾಕಾರ ಬರಲ್ಲ ಅಂತ ನಾನು ಹೇಳ್ತಾ ಇಲ್ಲ. ಪ್ರಕಾರದ ನಿಯಮವೇ ಹಾಗೆ.

ಆಮೇಲೆ ಜಮೀನು. "ತಮ್ಮ ಪಿತ್ರಾರ್ಜಿತ 6 ಎಕರೆಯಲ್ಲಿ" ಅಂತ ಒಂದೇ ಉಸಿರಲ್ಲಿ ಹೇಳಿ ಮುಂದಕ್ಕೆ ಹೋಗ್ತಾರೆ. ಅಲ್ಲಿ ನಿಲ್ಲಬೇಕಾಗಿತ್ತು. ನಮ್ಮ ರಾಜ್ಯದ ಭೂಸುಧಾರಣಾ ಕಾಯ್ದೆಯಲ್ಲಿ 79ಎ ಮತ್ತು 79ಬಿ ಅಂತ ಎರಡು ಕಲಂ ಇದ್ದವು. ಕೃಷಿಯೇತರ ಆದಾಯ ಒಂದು ಮಿತಿ ದಾಟಿದವರು ಬೇಸಾಯದ ಜಮೀನು ಕೊಳ್ಳೋ ಹಾಗಿರಲಿಲ್ಲ. ಆ ಮಿತಿ 2015ರಲ್ಲಿ ವರ್ಷಕ್ಕೆ 25 ಲಕ್ಷಕ್ಕೆ ಏರಿತು. 2020ರಲ್ಲಿ ಆ ಕಲಮುಗಳನ್ನೇ ತೆಗೆದುಹಾಕಿದರು. ಅಂದರೆ 2020ಕ್ಕೆ ಮುಂಚೆ "ಮಣ್ಣಿಗೆ ಮರಳಿದ" ಟೆಕ್ಕಿಗೆ ಮರಳೋಕೆ ಮಣ್ಣು ಮೊದಲೇ ಇತ್ತು. ಅಪ್ಪನದ್ದೋ ತಾತನದ್ದೋ. ಆಮೇಲೆ ಬಂದವರಲ್ಲಿ ಎಷ್ಟೋ ಜನ ಮರಳಿದವರಲ್ಲ, ಕೊಂಡವರು. ಮರಳೋದು ಬೇರೆ, ಕೊಳ್ಳೋದು ಬೇರೆ. ಕೊಂಡವನ ಪಕ್ಕದ ಜಮೀನಿನವನಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು, ತಲೆಬರಹ ಬರೆಯುವವರಿಗೆ ಗೊತ್ತಿಲ್ಲ. ಇನ್ನು ಅಪ್ಪನ ಜಮೀನು ಅಂದ್ರೆ ಅಲ್ಲೊಬ್ಬ ಅಪ್ಪ ಇರಬೇಕಲ್ಲ? ನಲವತ್ತು ವರ್ಷ ಅಲ್ಲೇ ಉತ್ತು ಬಿತ್ತಿದವನು ಫೋಟೊದಲ್ಲಿ ಇರಲ್ಲ. ಇದ್ದರೂ ಹಿಂದೆ, ಕುರ್ಚಿ ಮೇಲೆ, ಮಸುಕಾಗಿ.

ಹೆಂಡತಿ ಸಾಮಾನ್ಯವಾಗಿ ಕೊನೆಯ ಪ್ಯಾರಾಕ್ಕೆ ಮುಂಚಿನ ಪ್ಯಾರಾದಲ್ಲಿ ಬರ್ತಾಳೆ. "ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಪತ್ನಿ ಬೆನ್ನೆಲುಬಾಗಿ ನಿಂತಿದ್ದಾರೆ." ಆ ಸಾಲು ಓದಿದಾಗೆಲ್ಲ ನನಗೆ ಅನ್ಸೋದು, ಇಡೀ ತೋಟಕ್ಕೆ ನೀರು ಬರ್ತಾ ಇರೋದು ಇಲ್ಲಿಂದ. ಆ ಬೋರ್‌ವೆಲ್ಲಿನ ಬಗ್ಗೆ ಒಂದು ಪ್ಯಾರಾನಾದರೂ ಬರೀಬಹುದಿತ್ತು.

ಇವೆಲ್ಲ ಸಣ್ಣ ತಕರಾರುಗಳು, ಇರಲಿ. ನನ್ನ ದೊಡ್ಡ ತಕರಾರು ಒಂದೇ ಒಂದು ಪದದ ಮೇಲೆ: "ಬೇಸತ್ತು". "ನಗರದ ಯಾಂತ್ರಿಕ ಬದುಕಿನಿಂದ ಬೇಸತ್ತು ಕೆಲಸಕ್ಕೆ ರಾಜೀನಾಮೆ ನೀಡಿದ..." ನನ್ನ ಫೋಲ್ಡರಿನ ಮೂವತ್ತು ಚಿಲ್ಲರೆ ಕತೆಗಳಲ್ಲೂ ಕೆಲಸ ಬಿಟ್ಟ ಆ ಕ್ಷಣವನ್ನ ಇದೇ ಒಂದು ಪದಕ್ಕೆ ವಹಿಸಿಬಿಟ್ಟಿದ್ದಾರೆ. ನನಗೆ ಬೇಕಾಗಿದ್ದದ್ದು ಅದೇ ಜಾಗ! ಯಾವತ್ತು ಬೇಸತ್ತ? ಬೇಸತ್ತಿದ್ದು ಕೆಲಸಕ್ಕೋ, ಮ್ಯಾನೇಜರ್‌ಗೋ, ಸಿಲ್ಕ್ ಬೋರ್ಡ್ ಟ್ರಾಫಿಕ್‌ಗೋ? ಸೋಮವಾರ ಬೇಸತ್ತವನು ಸಂಬಳದ ದಿನ ಸರಿಹೋಗಿ ಮತ್ತೆ ಬೇಸತ್ತನೋ? ನಾವೆಲ್ಲ ದಿನಾ ಬೇಸತ್ತೇ ಇರ್ತೀವಿ ಸ್ವಾಮಿ. ಯಾವ ಬೇಸರ ನಿಜವಾದದ್ದು ಅಂತ ಅವನಿಗೆ ಹೇಗೆ ಗೊತ್ತಾಯ್ತು? ಡ್ರ್ಯಾಗನ್ ಫ್ರೂಟಿಗೆ ಎಷ್ಟು ಕಂಬ ನೆಡಬೇಕು ಅಂತ ಲೆಕ್ಕ ಕೊಡೋ ವರದಿ ಇದೊಂದನ್ನ ಮಾತ್ರ ಹೇಳಲ್ಲ.

ನಮ್ಮದು ತಿಪಟೂರು ಸೀಮೆ, ತೆಂಗು. ಉಂಡೆ ಕೊಬ್ಬರಿ ಅಂದ್ರೆ ಕಾಯಿ ಕಿತ್ತು ಅಟ್ಟದ ಮೇಲೆ ಹಾಕಿ, ಹೆಚ್ಚು ಕಮ್ಮಿ ಒಂದು ವರ್ಷ ಕಾಯೋ ಬೆಳೆ. ಕಾಯಿಯೊಳಗಿನ ನೀರು ಇಂಗಬೇಕು, ಗಿಟುಕು ಒಳಗೇ ಬಿಟ್ಟುಕೊಂಡು ಅಲ್ಲಾಡಬೇಕು. 2023ರಲ್ಲಿ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ ಇದ್ದರೆ ಮಾರುಕಟ್ಟೆಯಲ್ಲಿ ಎಂಟು ಸಾವಿರದ ಆಸುಪಾಸಿಗೆ ಬಿದ್ದುಹೋಯ್ತು. ನಫೆಡ್ ಖರೀದಿಗೆ ರೈತರು ಸಾಲು ನಿಂತರು, ಧರಣಿ ಕೂತರು. ಅಪ್ಪನೂ ಹೋಗಿದ್ದ. ಆ ವರ್ಷ ನಮ್ಮ ಮನೆ ನಡೆದದ್ದು ನನ್ನ ಸಂಬಳದಲ್ಲಿ. ಅದೇ ವರ್ಷವೂ ಟೆಕ್ಕಿ ಮಣ್ಣಿಗೆ ಮರಳೋ ಕತೆಗಳು ಬರ್ತಾನೇ ಇದ್ದವು. ಅವರ್ಯಾರೂ ತೆಂಗಿಗೆ ಮರಳಿದವರಲ್ಲ ಅನ್ನಿ. ಯಾರದೇ ಕತೆಯಲ್ಲೂ ಮೂರನೇ ವರ್ಷ ಅನ್ನೋದು ಬರಲ್ಲ. ಎಲ್ಲ ಮೊದಲ ಫಸಲಿಗೇ ಮುಗಿದುಹೋಗುತ್ತೆ, ಮದುವೆಗೆ ಮುಗಿಯೋ ಸಿನಿಮಾ ಥರ.

ಸಿನಿಮಾ ಅಂದಮೇಲೆ ಈ ಪ್ರಕಾರದ ಮೂಲಪುರುಷನ ಹತ್ತಿರ ಹೋಗಲೇಬೇಕು. 1972ರ 'ಬಂಗಾರದ ಮನುಷ್ಯ'. ಟಿ.ಕೆ. ರಾಮರಾವ್ ಕಾದಂಬರಿ, ಸಿದ್ದಲಿಂಗಯ್ಯ ನಿರ್ದೇಶನ, ಬೆಂಗಳೂರಿನ ಸ್ಟೇಟ್ಸ್ ಟಾಕೀಸಿನಲ್ಲಿ ವರ್ಷ ದಾಟಿ ಓಡಿದ್ದು. ಅದನ್ನ ನೋಡಿ ಓದಿದ ಹುಡುಗರು ಪಟ್ಟಣ ಬಿಟ್ಟು ಹಳ್ಳಿಗೆ ಹೋದರು ಅನ್ನೋ ಮಾತು ಐವತ್ತು ವರ್ಷದಿಂದ ನಡ್ಕೊಂಡು ಬಂದಿದೆ. ನಮ್ಮೂರಲ್ಲಿ ಗಣೇಶನ ಹಬ್ಬಕ್ಕೆ ವಿಸಿಪಿ ತಂದು ಹಾಕಿದಾಗ ಕನಿಷ್ಠ ನಾಲ್ಕು ಸಲ ನೋಡಿದೀನಿ. ಆಗ ಕಣ್ಣಿಗೆ ಕಂಡಿದ್ದು ಕಲ್ಲು ಒಡೆದು ಹೊಲ ಮಾಡೋ ರಾಜೀವ. ಈಚೆಗೆ, ಡ್ರಾಫ್ಟ್‌ನಲ್ಲಿ ರಾಜೀನಾಮೆ ಇಟ್ಕೊಂಡು, ಮತ್ತೊಂದು ಸಲ ನೋಡಿದೆ. ಬೇರೆಯದೇ ಸಿನಿಮಾ ಅನ್ನಿಸ್ತು.

ರಾಜೀವ ಹಳ್ಳಿಯಲ್ಲಿ ನಿಲ್ಲೋದು ನಗರದಿಂದ "ಬೇಸತ್ತು" ಅಲ್ಲ. ಅಕ್ಕನ ಗಂಡ ಸತ್ತಿದಾನೆ, ಅಕ್ಕನ ಮಕ್ಕಳು ಚಿಕ್ಕವರು, ಆಸರೆ ಯಾರೂ ಇಲ್ಲ, ಅದಕ್ಕೆ ನಿಲ್ತಾನೆ. ಯಾವುದರಿಂದ ಓಡಿಬಂದೆ ಅನ್ನೋದಲ್ಲ, ಯಾರಿಗಾಗಿ ನಿಂತೆ ಅನ್ನೋದು ಅಲ್ಲಿ ಮುಖ್ಯ. ಇನ್ನು ಕೊನೆ. ಅಷ್ಟೆಲ್ಲ ಕಟ್ಟಿ ಬೆಳೆಸಿದ ಮೇಲೆ ಅಕ್ಕನ ಮಗನ ಬಾಯಲ್ಲಿ ಆಡಬಾರದ ಮಾತು ಕೇಳಿ, ಊಟದ ಎಲೆ ಮುಂದಿನಿಂದ ಎದ್ದು, ಯಾರಿಗೂ ಒಂದು ಮಾತು ಹೇಳದೆ, ಕೈಯಲ್ಲಿ ಏನೂ ಇಲ್ಲದೆ ಹೊರಟುಹೋಗ್ತಾನೆ. ಕನ್ನಡಿಗರು ಅತಿ ಹೆಚ್ಚು ನೋಡಿದ ಕೃಷಿ ಸಿನಿಮಾ ಮುಗಿಯೋದು ನಾಯಕ ತಾನು ಕಟ್ಟಿದ್ದನ್ನೇ ಬಿಟ್ಟುಹೋಗೋದರಲ್ಲಿ! ಸೇರಿದ್ದು ಸರಿಯಾದ ಕಾರಣಕ್ಕೆ, ಬಿಟ್ಟಿದ್ದು ಒಂದು ಮಾತಿಗೆ. ಬಿಟ್ಟಿದ್ದು ಸರೀನಾ? ನನಗೆ ಅನುಮಾನ. ಹೇಳಬೇಕಾದ ಒಂದು ಮಾತು ಹೇಳಿ, ಲೆಕ್ಕ ಒಪ್ಪಿಸಿ ಹೋಗಬಹುದಿತ್ತು. ಮೌನವಾಗಿ ಎದ್ದುಹೋಗೋದು ನೋಡೋಕೆ ದೊಡ್ಡತನ, ಆದರೆ ಉಳಿದವರಿಗೆ ಅದು ಶಿಕ್ಷೆ. ಏನೇ ಇರಲಿ, ಬಿಟ್ಟವನ ಎದೆಯಲ್ಲಿ ಏನಾಗುತ್ತೆ ಅಂತ ರಾಜ್‌ಕುಮಾರ್ ಮುಖ ತೋರಿಸುತ್ತೆ. ಪೇಪರ್ ಕಟಿಂಗುಗಳು ಈ ಸಿನಿಮಾದ ಮೊದಲರ್ಧ ಮಾತ್ರ ನೋಡಿ ಎದ್ದುಬಂದ ಹಾಗಿವೆ.

(ಅದೇ 1972ರಲ್ಲೇ ಗ್ರ್ಯಾಚುಟಿ ಕಾಯ್ದೆಯೂ ಬಂತು. ಸತತ 5 ವರ್ಷ ದುಡಿದವನು ಬಿಟ್ಟುಹೋಗುವಾಗ ವರ್ಷಕ್ಕೆ 15 ದಿನದ ಮೂಲ ವೇತನದ ಲೆಕ್ಕದಲ್ಲಿ ಕೊಡಬೇಕು ಅನ್ನೋ ಕಾಯ್ದೆ. ನನ್ನ ರೂಮ್‌ಮೇಟ್ ಒಬ್ಬ ನಾಲ್ಕು ವರ್ಷ ಮೂರು ತಿಂಗಳಿಗೆ ಸಿಟ್ಟಿನಲ್ಲಿ ಮೇಲ್ ಒಗೆದು ಬಂದ. ಎರಡು ಕತೆಯಲ್ಲಿ ಅವನು ನೋಡಿದ್ದು ಸಿನಿಮಾದ್ದು ಮಾತ್ರ.)

ಸಾಹಿತ್ಯದ ಕಡೆಯಿಂದ ನಮಗೆ ಸಿಗೋ ದೊಡ್ಡ ರಾಜೀನಾಮೆ ಮಾಸ್ತಿಯವರದ್ದು. 1914ರಲ್ಲಿ ಮೈಸೂರು ಸಿವಿಲ್ ಸರ್ವಿಸ್ ಸೇರಿದವರು, ದೊಡ್ಡ ದೊಡ್ಡ ಹುದ್ದೆ ನೋಡಿದವರು. 1940ರ ದಶಕದಲ್ಲಿ, ತಮಗೆ ಸಲ್ಲಬೇಕಾಗಿದ್ದ ಸ್ಥಾನ ತಮಗಿಂತ ಕಿರಿಯರಿಗೆ ಹೋದಾಗ ರಾಜೀನಾಮೆ ಕೊಟ್ಟು ಹೊರಬಂದರು. ಸಾಹಿತ್ಯ ಸೇವೆಗಾಗಿ ಕೆಲಸ ಬಿಟ್ಟರು ಅಂತ ಭಾಷಣಗಳಲ್ಲಿ ಕೇಳಿದೀನಿ. ಹಾಗಲ್ಲ. ಕೆಲಸದಲ್ಲಿದ್ದಾಗಲೂ ಅವರು ಬರೀತಾನೇ ಇದ್ದರು. ಬಿಟ್ಟದ್ದು ಮರ್ಯಾದೆ ಪ್ರಶ್ನೆಗೆ. ಇವತ್ತು ನಮಗೆ ಬುದ್ಧಿ ಹೇಳೋ ವಿಡಿಯೊಗಳಲ್ಲಿ ಇದನ್ನ ಈಗೋ ಅಂತಾರೆ. ಈಗೋಗೆ ಕೆಲಸ ಬಿಡಬೇಡಿ, ಪ್ಯಾಶನ್‌ಗೆ ಬಿಡಿ ಅಂತ ಕೈ ಆಡಿಸಿ ಹೇಳ್ತಾರೆ. ನನಗೇನೋ ಮಾಸ್ತಿಯವರ ಕಾರಣ ಹೆಚ್ಚು ಘನವಾಗಿ ಕಾಣ್ಸುತ್ತೆ. ಮೂರು ದಶಕದ ಹತ್ತಿರ ದುಡಿದ ಮನುಷ್ಯನಿಗೆ ಸಂಬಳದ ಬೆಲೆ ಗೊತ್ತಿರಲ್ವಾ? ತನ್ನ ಕೆಲಸಕ್ಕೆ ಇಲ್ಲಿ ಇರೋ ಬೆಲೆ ಎಷ್ಟು ಅಂತ ಒಂದು ದಿನ ಅಂಕಿಯಲ್ಲಿ ಬರೆದು ಕೊಟ್ಟ ಹಾಗೆ ಆಯ್ತು, ಅವರು ಓದಿಕೊಂಡರು.

ಆದರೆ ಮಾಸ್ತಿಯವರ ಕತೆಯನ್ನ ನಾವು ಹೇಳೋ ರೀತಿಯಲ್ಲೂ ಒಂದು ಮೋಸ ಇದೆ. 'ಚಿಕವೀರ ರಾಜೇಂದ್ರ' ಬಂದಿದ್ದು 1956ರ ಸುಮಾರಿಗೆ, ಜ್ಞಾನಪೀಠ 1983ರಲ್ಲಿ. ನಾವು 1983ರ ಕಟ್ಟೆ ಮೇಲೆ ಕೂತು ಹಿಂದಕ್ಕೆ ನೋಡಿ "ಬಿಟ್ಟಿದ್ದೇ ಒಳ್ಳೇದಾಯ್ತು" ಅಂತೀವಿ. ರಾಜೀನಾಮೆಗೆ ಸಹಿ ಹಾಕಿದ ದಿನ ಆ ಕಾದಂಬರಿಯೂ ಇರಲಿಲ್ಲ, ಆ ಪ್ರಶಸ್ತಿಯೂ ಇರಲಿಲ್ಲ. ಅವು ಬರದೇ ಹೋಗಿದ್ದರೆ ನಿರ್ಧಾರ ತಪ್ಪಾಗಿಬಿಡ್ತಿತ್ತಾ? ಕಟಿಂಗುಗಳ ರೋಗವೂ ಇದೇ. ಗೆದ್ದವನ ಹತ್ತಿರ ಮಾತ್ರ ಹೋಗಿ, ಅವನು ಗೆದ್ದದ್ದನ್ನೇ ಅವನು ಬಿಟ್ಟದ್ದಕ್ಕೆ ಸಾಕ್ಷಿ ಮಾಡೋದು. ಬಿಡೋವಾಗ ಕೈಯಲ್ಲಿ ಇದ್ದದ್ದೇನು ಅಂತ ಕೇಳಿದರೆ ಮಾತ್ರ ಅದು ನನ್ನಂಥವನಿಗೆ ಉಪಯೋಗ.

ಇದಕ್ಕೆ ಉತ್ತರದ ಹತ್ತಿರ ಹತ್ತಿರ ನನ್ನನ್ನ ಕರ್ಕೊಂಡು ಹೋದದ್ದು ಒಂದು ಅರ್ಥಶಾಸ್ತ್ರದ ಪುಸ್ತಕ. ಆಲ್ಬರ್ಟ್ ಹರ್ಷ್‌ಮನ್ 1970ರಲ್ಲಿ ಬರೆದ 'ಎಕ್ಸಿಟ್, ವಾಯ್ಸ್ ಅಂಡ್ ಲಾಯಲ್ಟಿ'. ಸಣ್ಣ ಪುಸ್ತಕ, ಸಮೀಕರಣಗಳ ಕಾಟ ಹೆಚ್ಚಿಲ್ಲ. ಒಂದು ಸಂಸ್ಥೆ ಕೆಡೋಕೆ ಶುರುವಾದಾಗ ಅದರಲ್ಲಿ ಇರೋರಿಗೆ ಎರಡು ದಾರಿ: ಬಿಟ್ಟು ಹೋಗೋದು, ಇಲ್ಲವೇ ಬಾಯಿಬಿಟ್ಟು ಹೇಳೋದು. ಅವರು ಕೊಡೋ ಉದಾಹರಣೆ ನೈಜೀರಿಯಾದ ರೈಲ್ವೆಯದ್ದು. ಕಡಲೆಕಾಯಿಯಂಥ ಸರಕನ್ನ ನೂರಾರು ಮೈಲಿ ಸಾಗಿಸಬೇಕು, ರೈಲಿಗೆ ಹೇಳಿ ಮಾಡಿಸಿದ ಕೆಲಸ. ಆದರೂ ಲಾರಿಗಳು ಗೆದ್ದವು. ಪೈಪೋಟಿ ಬಂದಮೇಲೆ ರೈಲ್ವೆ ಸುಧಾರಿಸಬೇಕಿತ್ತಲ್ಲ? ಸುಧಾರಿಸಲಿಲ್ಲ. ಯಾಕೆ ಅಂದ್ರೆ ಯಾರು ಗಟ್ಟಿಯಾಗಿ ಕೂಗಿ ಗಲಾಟೆ ಮಾಡ್ತಿದ್ದರೋ ಅವರೇ ಮೊದಲು ಲಾರಿಗೆ ಹೋಗಿಬಿಟ್ಟರು. ನಷ್ಟ ತುಂಬಿಕೊಡೋಕೆ ಸರ್ಕಾರದ ಖಜಾನೆ ಇತ್ತು. ಬಯ್ಯೋರು ಇಲ್ಲದ ರೈಲ್ವೆ ಹಾಯಾಗಿ ಕೆಡ್ತಾ ಹೋಯ್ತು.

ಇದನ್ನ ಓದಿದಾಗ ನನಗೆ ಮೊದಲು ನೆನಪಾಗಿದ್ದು ಆಫೀಸಲ್ಲ, ನಮ್ಮೂರ ಸರ್ಕಾರಿ ಶಾಲೆ. ನಾನು ಓದುವಾಗ ಐದು ಜನ ಮೇಷ್ಟ್ರು. ಮೇಷ್ಟ್ರು ಬರದೇ ಇದ್ದರೆ ಹೋಗಿ ಕೇಳೋ ನಾಲ್ಕು ಮನೆ ಊರಲ್ಲಿ ಇದ್ದವು. ಆ ನಾಲ್ಕು ಮನೆ ಮಕ್ಕಳು ಹೋಬಳಿಯ ಕಾನ್ವೆಂಟಿಗೆ ಹಳದಿ ವ್ಯಾನಿನಲ್ಲಿ ಹೋಗೋಕೆ ಶುರುವಾದ ಮೇಲೆ ಕೇಳೋರಿಲ್ಲ. ಈಗ ಒಬ್ಬರೇ ಮೇಡಂ, ಹನ್ನೊಂದು ಮಕ್ಕಳು. ಆ ನಾಲ್ಕು ಮನೆಯಲ್ಲಿ ಒಂದು ನಮ್ಮದು. ನನ್ನ ತಂಗಿಯನ್ನ ಆ ವ್ಯಾನಿಗೆ ಹತ್ತಿಸಿ ಬರ್ತಿದ್ದವನು ನಾನೇ. ಆಮೇಲೆ ನಾನೂ ಹೋದೆ: ತುಮಕೂರಿನಲ್ಲಿ ಬಿಇ, ಅಲ್ಲಿಂದ ಬೆಂಗಳೂರು. ಅದನ್ನ ಯಾರೂ "ಬಿಟ್ಟುಹೋದ" ಅಂತ ಪೇಪರಿನಲ್ಲಿ ಬರೀಲಿಲ್ಲ. ಬ್ಯಾನರ್ ಕಟ್ಟಿ ಅಭಿನಂದನೆ ಮಾಡಿದರು. ಟೆಕ್ಕಿ ಕೆಲಸ ಬಿಟ್ಟದ್ದು ಸುದ್ದಿ. ಅದೇ ಟೆಕ್ಕಿ ಮೊದಲು ಬಿಟ್ಟ ಊರು ಸುದ್ದಿಯಲ್ಲ. ಈ ಪ್ರಕಾರದ ಎಲ್ಲ ಕತೆಗಳೂ ಎರಡನೇ ಬಿಡುಗಡೆಯಿಂದ ಶುರುವಾಗ್ತವೆ, ಮೊದಲನೆಯದು ನಡೆದೇ ಇಲ್ಲ ಅನ್ನೋ ಹಾಗೆ.

ಈಗ ನನ್ನ ವಿಷಯಕ್ಕೆ ಬರ್ತೀನಿ, ತಪ್ಪಿಸಿಕೊಳ್ಳೋಕೆ ಆಗಲ್ಲ.

ನಾನು ಒಂಬತ್ತು ವರ್ಷ ಒಂದೇ ಕಂಪನಿಯಲ್ಲಿ ಬಿಲ್ಲಿಂಗ್ ಸಾಫ್ಟ್‌ವೇರಿನ ಕೆಲಸ ಮಾಡಿದೆ. ಒಳ್ಳೇ ಕಂಪನಿನೇ. ಅವ್ವನ ಮಂಡಿ ಆಪರೇಶನ್ ಅದರ ಇನ್ಶೂರೆನ್ಸ್‌ನಲ್ಲೇ ಆಯ್ತು, ಅದನ್ನ ಮರೆತಿಲ್ಲ. ಆದರೆ ಕೊನೆ ಎರಡು ವರ್ಷದಲ್ಲಿ ಒಂದು ಪದ್ಧತಿ ಶುರುವಾಯ್ತು. ರಿಲೀಸಿಗೆ ಮುಂಚೆ ಟೆಸ್ಟ್ ಮಾಡಬೇಕಾದ ಪಟ್ಟಿಯಲ್ಲಿ, ಟೈಮಿಲ್ಲ ಅಂತ, ಮಾಡದೇ ಇರೋ ಟೆಸ್ಟುಗಳ ಮುಂದೆಯೂ "ಪಾಸ್" ಅಂತ ತುಂಬೋದು. ಮೊದಲ ಸಲ ಮೀಟಿಂಗಿನಲ್ಲಿ ಹೇಳಿದೆ. "ಒಳ್ಳೇ ಪಾಯಿಂಟು, ನೋಡೋಣ" ಅಂದರು. ಎರಡನೇ ಸಲ ಮೇಲ್ ಬರೆದೆ. "ಫೋನಲ್ಲಿ ಮಾತಾಡೋಣ" ಅಂದರು, ಮಾತಾಡಲಿಲ್ಲ. ಮೂರನೇ ಸಲ ಯಾರದೋ ಬಿಲ್ಲಿನಲ್ಲಿ ತೆರಿಗೆ ಎರಡು ಸಲ ಸೇರಿ ಗಲಾಟೆ ಆಯ್ತು, ರಾತ್ರಿ ಮೂರು ಗಂಟೆಗೆ ಎದ್ದು ಸರಿಮಾಡಿದ್ದು ನಾನು. ಆ ವರ್ಷದ ಅಪ್ರೈಸಲ್‌ನಲ್ಲಿ "ಸಕಾರಾತ್ಮಕ ಮನೋಭಾವ ಬೆಳೆಸಿಕೊಳ್ಳಬೇಕು" ಅಂತ ಬಂತು. ಆ ಸಂಜೆ ಬರೆದದ್ದೇ ಡ್ರಾಫ್ಟ್‌ನಲ್ಲಿದ್ದ ರಾಜೀನಾಮೆ. ಕಳಿಸಲಿಲ್ಲ. ಸಿಟ್ಟು ಇತ್ತು, ಆದರೆ ಸಿಟ್ಟಿನಲ್ಲಿ ತಪ್ಪು ಯಾರದ್ದು ಅನ್ನೋದು ಸರಿಯಾಗಿ ಕಾಣಲ್ಲ. ಜೊತೆಗೆ ಹೋಮ್ ಲೋನು.

ಆಮೇಲೆ ಏಳು ತಿಂಗಳು ನಡೆದದ್ದು ಹೇಳೋಕೆ ನಾಚಿಕೆ. ನಾನು ಟೀಮಿನಲ್ಲಿ ಜಗಳಗಂಟ ಅಂತಲೇ ಹೆಸರಾದವನು. ಬೇರೆಯವರ ಕೋಡ್ ರಿವ್ಯೂಗೆ ಬಂದರೆ ಒಂದು ವೇರಿಯಬಲ್ ಹೆಸರಿಗೆ ಅರ್ಧ ದಿನ ವಾದ ಮಾಡ್ತಿದ್ದೆ. ಹುಡುಗರು ಬಯ್ಕೊಳ್ತಿದ್ದರು. ಅಂಥವನು ಒಂದು ದಿನ ಒಂಬೈನೂರು ಸಾಲಿನ ಬದಲಾವಣೆಯನ್ನ ನಾಲ್ಕು ನಿಮಿಷದಲ್ಲಿ "ಎಲ್‌ಜಿಟಿಎಂ" ಅಂತ ಒತ್ತಿ ಪಾಸ್ ಮಾಡಿದೆ. ಚೆನ್ನಾಗಿದೆ, ಮುಂದೆ ಹೋಗಲಿ ಅನ್ನೋದಕ್ಕೆ ನಮ್ಮ ಕಡೆಯ ಸಂಕೇತ ಅದು. ಓದಿರಲಿಲ್ಲ. ಅದು ಪಾಸ್ ತುಂಬೋ ಕೆಲಸವೇ ಅಲ್ವಾ? ಬರೀ ಪಟ್ಟಿ ಬೇರೆ. ಹಿಂದಕ್ಕೆ ಹೋಗಿ ನೋಡಿದೆ. ಮೂರು ತಿಂಗಳಲ್ಲಿ ನಾನು ಯಾರ ಕೋಡಿಗೂ ಒಂದೇ ಒಂದು ಕಾಮೆಂಟ್ ಬರೆದಿರಲಿಲ್ಲ. ಬೇಸತ್ತಾಗ ನಾನು ಕೂಗಾಡ್ತಿದ್ದೆ, ಆಗ ಕೆಲಸದಲ್ಲಿ ಇದ್ದೆ. ಈಗ ತೊಂದರೆಯೇನೂ ಇರಲಿಲ್ಲ. ಮಧ್ಯಾಹ್ನ ಊಟ ಸೇರ್ತಿತ್ತು, ನಿದ್ದೆ ಬರ್ತಿತ್ತು. ಹರ್ಷ್‌ಮನ್ ಹೇಳೋ ಆ ಎರಡು ದಾರಿಯಲ್ಲಿ ನಾನು ಮಾತಿನ ದಾರಿಯನ್ನ ಮುಚ್ಚಿಕೊಂಡು, ಹೋಗೋ ದಾರಿಯನ್ನ ಹಿಡಿಯದೆ, ಮಧ್ಯದಲ್ಲಿ ಸಂಬಳ ತಗೊಂಡು ಕೂತಿದ್ದೆ.

ಸುಸ್ತು ಇರಬಹುದು ಅಂದ್ಕೊಂಡು ಹತ್ತು ದಿನ ರಜಾ ಹಾಕಿ ಊರಿಗೆ ಹೋದೆ. ಕೊಬ್ಬರಿ ಸುಲಿಯೋ ಕಾಲ. ಅಟ್ಟದಿಂದ ಕಾಯಿ ಇಳಿಸಿ ಕೊಟ್ಟೆ, ಬೆನ್ನು ಹಿಡ್ಕೊಳ್ತು. ನೆಮ್ಮದಿಯಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹತ್ತು ದಿನದ ನೆಮ್ಮದಿಯನ್ನ ನಾನು ಬೇಸಾಯ ಅಂತ ತಪ್ಪು ತಿಳ್ಕೊಳ್ಳಲಿಲ್ಲ. ರಜೆ ಮುಗಿಸಿ ಬಂದು ಸೋಮವಾರ ಕೂತರೆ ಮತ್ತೆ ಅದೇ, ನಾಲ್ಕು ನಿಮಿಷ, ಎಲ್‌ಜಿಟಿಎಂ.

ಊರಿನಲ್ಲಿದ್ದಾಗ ಅಪ್ಪನ ಹತ್ತಿರ ಎತ್ತಿನ ಸಂಗತಿ ತೆಗೆದಿದ್ದೆ. ನಾನು ಪಿಯುಸಿಯಲ್ಲಿದ್ದಾಗ ಅಪ್ಪ ನಮ್ಮ ಕೊನೇ ಜೋಡಿ ಎತ್ತು ಮಾರಿದ. ಒಂದು ಎತ್ತು ನೇಗಿಲು ಮುರಿದ ವಾರ ಮಾರಲಿಲ್ಲ, ಬೇಸಾಯದ ಹೊತ್ತಿನಲ್ಲೂ ಮಾರಲಿಲ್ಲ. ರಾಗಿ ಒಕ್ಕಣೆ ಎಲ್ಲ ಮುಗಿದು, ಮನೆಯಲ್ಲಿ ಯಾರಿಗೂ ಯಾರ ಮೇಲೂ ಸಿಟ್ಟಿಲ್ಲದ ಒಂದು ದಿನ ಜಾತ್ರೆಗೆ ಹೊಡ್ಕೊಂಡು ಹೋದ. ಇದರಲ್ಲಿ ಏನೋ ದೊಡ್ಡ ತತ್ವ ಇದೆ ಅಂತ ನಾನು ವರ್ಷಗಳಿಂದ ಅಂದ್ಕೊಂಡಿದ್ದೆ. ಸಿಟ್ಟು ಇಳಿದ ಮೇಲೆ ಬಿಡಬೇಕು, ಫಸಲು ಮನೆಗೆ ಬಂದಮೇಲೆ ಬಿಡಬೇಕು, ಇತ್ಯಾದಿ. ಈ ಬರಹಕ್ಕೂ ಅದನ್ನೇ ಕೊನೆ ಮಾಡಿ ಕೈತೊಳ್ಕೊಳ್ಳೋಣ ಅಂತಿದ್ದೆ. "ಯಾಕಪ್ಪಾ ಅವತ್ತೇ ಮಾರ್ದೆ?" ಅಂತ ಕೇಳಿದೆ. ಅಪ್ಪ ಸಿಪ್ಪೆ ಗುಡ್ಡೆ ಮೇಲಿಂದ ತಲೆ ಎತ್ತದೆ, "ಹುಲ್ಲಿರ್ಲಿಲ್ಲ ಕಣಪ್ಪ. ಆ ವರ್ಸ ಮಳೆ ಎಲ್ಲಿತ್ತು? ಮಾರ್ದೆ," ಅಂದ.

ಹುಲ್ಲು. ನನ್ನ ಲೆಕ್ಕದಲ್ಲಿ ಹುಲ್ಲು ಅಂದ್ರೆ ಏನೇನು ಅಂತ ಆಮೇಲೆ ಒಂದು ಹಾಳೆಯಲ್ಲಿ ಬರೆದೆ. ಲೋನಿನ ಕಂತು ಆರು ತಿಂಗಳದ್ದು. ಕಂಪನಿಯ ಇನ್ಶೂರೆನ್ಸ್ ಕೊನೇ ದಿನಕ್ಕೆ ಮುಗಿಯುತ್ತೆ, ಅಪ್ಪ ಅವ್ವನಿಗೆ ಬೇರೆ ಪಾಲಿಸಿ ಮಾಡಿಸಬೇಕು, ಹಳೇ ಕಾಯಿಲೆಗೆ ಕಾಯೋ ಅವಧಿ ಇರುತ್ತೆ, ಹಾಗಾಗಿ ಬಿಡೋಕೆ ಮುಂಚೆಯೇ ಮಾಡಿಸಬೇಕು. ನೋಟಿಸ್ ಪೀರಿಯಡ್ 90 ದಿನ. ಇದನ್ನೆಲ್ಲ ಯಾವ ಕಟಿಂಗೂ ನನಗೆ ಹೇಳಿರಲಿಲ್ಲ. ಹೇಳಿದ್ದರೆ ಓದೋಕೆ ಸಪ್ಪೆ ಆಗ್ತಿತ್ತು ಅಂತ ಒಪ್ಕೋತೀನಿ.

ಹಳೇ ಡ್ರಾಫ್ಟ್ ಅಳಿಸಿ ಹೊಸದು ಬರೆದೆ, ಮೂರು ಸಾಲು, ಬೈಗುಳ ಇಲ್ಲದ್ದು. ಕಳಿಸಿದ ಮಾರನೇ ದಿನವೇ ಮ್ಯಾನೇಜರ್ ಕರೆದರು. ಎರಡು ವರ್ಷ ಫೋನಲ್ಲಿ ಮಾತಾಡೋಣ ಅಂದವರು ಒಂದೂಕಾಲು ಗಂಟೆ ಎದುರು ಕೂತು ಮಾತಾಡಿದರು. ಏನು ಸಮಸ್ಯೆ ಹೇಳು ಅಂದರು. ಟೆಸ್ಟ್ ಪಟ್ಟಿಯ ವಿಷಯ ಹೇಳಿದೆ. ಸಂಬಳ ಇಪ್ಪತ್ತೆರಡು ಪರ್ಸೆಂಟ್ ಜಾಸ್ತಿ ಮಾಡ್ತೀವಿ ಅಂದರು. ಪಟ್ಟಿ? ಅಂದೆ. ಅದು ನಮ್ಮ ಕೈಯಲ್ಲಿಲ್ಲ ಅಂದರು. ಇಪ್ಪತ್ತೆರಡು ಪರ್ಸೆಂಟ್ ಅವರ ಕೈಯಲ್ಲಿತ್ತು, ನೋಡಿ. ಆ ಒಂದೂಕಾಲು ಗಂಟೆಯಲ್ಲಿ ನನಗೆ ಉಳಿದಿದ್ದ ಅನುಮಾನ ಕಳೀತು. ಮಾಸ್ತಿಯವರು ಓದಿಕೊಂಡ ಅಂಕಿ ನನಗೂ ಬರೆದು ಕೊಟ್ಟರು.

ಈಗ ನೋಟಿಸ್ ಪೀರಿಯಡ್‌ನಲ್ಲಿದೀನಿ, ಐವತ್ತೆರಡನೇ ದಿನ. ಊರಿಗೆ ಹೋಗ್ತಾ ಇಲ್ಲ. ಇನ್ನೊಂದು ಸಣ್ಣ ಕಂಪನಿ ಸೇರ್ತಾ ಇದೀನಿ, ಸಂಬಳ ಹತ್ತು ಪರ್ಸೆಂಟ್ ಕಮ್ಮಿ. ಕೆಲಸ ಬಿಟ್ಟು ಕೆಲಸಕ್ಕೆ ಸೇರಿದ ಟೆಕ್ಕಿಯ ಫೋಟೊ ತೆಗೆಯೋಕೆ ಯಾರೂ ಬರಲ್ಲ, ಹಿಡ್ಕೊಳ್ಳೋಕೆ ಕೈಯಲ್ಲಿ ಹಣ್ಣೂ ಇಲ್ಲ. ಅವ್ವನಿಗೆ ಹೇಳಿದಾಗ, "ಅಲ್ಲೂ ಕಂಪ್ಯೂಟರೇನಾ?" ಅಂತ ಕೇಳಿ ಸುಮ್ಮನಾದಳು. ಕಟಿಂಗಿನ ಅರ್ಥ ಆಗಲೂ ಬಿಡಿಸಿ ಹೇಳಲಿಲ್ಲ.

ಒಂದು ವಿಚಿತ್ರ ಮಾತ್ರ ಆಗಿದೆ. ಮೇಲ್ ಕಳಿಸಿದ ವಾರದಿಂದ ಮತ್ತೆ ಕಾಮೆಂಟ್ ಬರೆಯೋಕೆ ಶುರುಮಾಡಿದೀನಿ. ಮೊನ್ನೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳ ಕೋಡಿಗೆ ಹದಿನಾಲ್ಕು ಕಾಮೆಂಟ್ ಹಾಕಿದೆ. ಹೊರಟು ನಿಂತವನಿಗೆ ಇದೆಲ್ಲ ಯಾಕೆ ಅಂತ ಟೀಮ್ ಲೀಡ್ ನಕ್ಕ. ಅವಳು ಹದಿಮೂರನ್ನ ಸರಿಮಾಡಿ ಕಳಿಸಿದಳು. ಹದಿನಾಲ್ಕನೆಯದಕ್ಕೆ, "ಇದನ್ನ ಒಪ್ಪಲ್ಲ ಸರ್, ಕಾರಣ ಕೆಳಗಿದೆ" ಅಂತ ಆರು ಸಾಲು ಬರೆದಿದ್ದಳು. ಓದಿದೆ. ಅವಳದ್ದೇ ಸರಿ ಇತ್ತು.